ಹೆಡೆಮಟ್ಟೆಯ ಕಟ್ಟು

ತಪ್ಪಾದರೆ ಮನ್ನಿಸಬೇಕು, ಒಬ್ಬಳು ತನ್ನೊಳಗೇ ಅಂದುಕೊಂಡು ಯಾರಿಗೂ ಹೇಳದೆ ನುಂಗಿದ್ದನ್ನು ಹೀಗೆ ಎತ್ತಿ ಹೇಳುವುದಕ್ಕೆ ಒಂದು ಯೋಗ್ಯತೆ ಬೇಕು, ಅದು ಇದೆಯೋ ಇಲ್ಲವೋ ತಿಳಿಯದೆಯೇ ಶುರು ಮಾಡಿದ್ದಾಗಿದೆ — ಬಸ್ಸಿನ ಬಾಗಿಲು ಕಿರ್ರೆಂದಿತು, ಅಷ್ಟೇ, ಶೆಟ್ಟಿಕೆರೆಯಲ್ಲಿ ಯಾರೋ ಇಳಿದರು, ಕಂಡಕ್ಟರು ಬಾಗಿಲನ್ನು ಎಳೆದುಕೊಂಡ, ಅದು ಮತ್ತೆ ಕಿರ್ರೆಂದು ಮುಚ್ಚಿತು, ಬಿಜಾಗರಿಗೆ ಎಣ್ಣೆ ಕಾಣಿಸಿ ಯಾವ ಕಾಲವಾಯಿತೋ, ಆದರೂ ತಿರುಗುತ್ತದಲ್ಲ, ಕಿರುಚಿಕೊಂಡಾದರೂ ತಿರುಗುತ್ತದಲ್ಲ, ತಗಡಿನ ಬಾಗಿಲಿಗಿರುವ ಭಾಗ್ಯ ನನಗಿಲ್ಲ ಎಂದುಕೊಂಡಳು ವನಜಾಕ್ಷಿ, ಅಂದುಕೊಂಡ ಕೂಡಲೇ ಥೂ ಅನ್ನಿಸಿತು, ಇವತ್ತೂ ನನ್ನ ಕೈಯದೇ ಮಾತೇ, ಪಕ್ಕದಲ್ಲಿ ಮಗು ಮುಲುಗುತ್ತಿದೆ, ಕಿಟಕಿಯ ಕಡೆ ಅವ್ವ, ಅವ್ವನ ತೊಡೆಯ ಮೇಲೆ ಅಣ್ಣನ ಮಗಳು ಸ್ಪಂದನ, ಈ ವರ್ಷ ಒಂದನೇ ಕ್ಲಾಸಿಗೆ ಸೇರಿದ ಮಗು, ಅದರ ಬಲಗೈ ಮೊಣಕೈಯ ಹತ್ತಿರ ಊದಿಕೊಂಡು ಬದನೆಕಾಯಿಯ ಬಣ್ಣಕ್ಕೆ ತಿರುಗಿದೆ, ವನಜಾಕ್ಷಿಯ ಹಳೆಯ ವೇಲನ್ನೇ ಕತ್ತಿಗೆ ಜೋಳಿಗೆಯಂತೆ ಕಟ್ಟಿ ಅದರೊಳಗೆ ಕೈಯನ್ನು ಮಲಗಿಸಿದೆ, ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಮಗು ಹಲ್ಲು ಕಚ್ಚುತ್ತದೆ, ಅಳುವುದನ್ನು ಮನೆಯಲ್ಲೇ ಮುಗಿಸಿಕೊಂಡು ಬಂದಿದೆ. ಬೆಳಿಗ್ಗೆ ಅಂಗಳದಲ್ಲಿ ಒಣಗಾಯಿ ರಾಶಿ ಬಿದ್ದಿತ್ತು, ವರ್ಷವಿಡೀ ಅಟ್ಟದ ಮೇಲೆ ಒಣಗಿದ ಕಾಯಿ, ಸುಲಿಯುವವರು ನಾಳೆ ಬರುತ್ತಾರೆಂದು ನಿನ್ನೆಯೇ ಇಳಿಸಿದ್ದು, ಅದರ ತುದಿಗೆ ಹತ್ತಿ ನಿಂತು ನಾನು ಎಲ್ರಿಗಿಂತ ಉದ್ದ ಅಂತ ಕೂಗಿತು ಮಗು, ರಾಶಿ ಗುಳುಗುಳು ಜಾರಿತು, ಜಗಲಿಯ ಕಲ್ಲಿನ ಅಂಚಿಗೆ ಮೊಣಕೈ ಬಡಿಯಿತು, ಕಟ್ ಅಂದದ್ದು ಕೊಟ್ಟಿಗೆಯಲ್ಲಿದ್ದ ವನಜಾಕ್ಷಿಗೂ ಕೇಳಿಸಿತು, ಅವ್ವ ಒಳಗಿಂದ ಓಡಿ ಬಂದವಳು ನೋವಾಯ್ತಾ ಮಗ ಅಂತ ಕೇಳಲಿಲ್ಲ, ಅಯ್ಯೋ ಕೈ ಸೊಟ್ಟ ಆಗೋಯ್ತಲ್ಲೇ ಅಂದಳು, ಮೊದಲ ಮಾತೇ ಅದು, ಸೊಟ್ಟ. ಅಣ್ಣ ಉಗ್ರಪ್ಪ ಕೊಬ್ಬರಿ ಸಾಗಿಸುವ ಲಾರಿ ಗೊತ್ತು ಮಾಡಲು ಹುಳಿಯಾರಿಗೆ ಹೋಗಿದ್ದ, ಅತ್ತಿಗೆ ಹೆರಿಗೆಗೆಂದು ತವರಿನಲ್ಲಿದ್ದಳು, ಮನೆಯಲ್ಲಿ ಇದ್ದದ್ದು ಈ ಇಬ್ಬರು ಹೆಂಗಸರು, ಗುಡ್ಡದಪಾಳ್ಯದ ದುರ್ಗಯ್ಯನತ್ರ ಕಟ್ಟಿಸ್ಕೊಂಡು ಬರಾಣ ನಡಿ ಅಂದಳು ಅವ್ವ, ಹೊರಡುವ ಮುಂಚೆ ಬೇಲಿಯ ಪಕ್ಕ ಬಿದ್ದಿದ್ದ ತೆಂಗಿನ ಗರಿಯ ಬುಡ, ಆ ಅಗಲದ ಗಟ್ಟಿ ಹೆಡೆಮಟ್ಟೆ, ಅದನ್ನು ಮಚ್ಚಿನಲ್ಲಿ ಸವರಿ ಒಂದು ಮೊಳ ಮಾಡಿ ಚೀಲಕ್ಕೆ ಹಾಕಿಕೊಂಡಳು, ಅದ್ಯಾಕವ್ವ ಅಂದರೆ ಇರ್ಲಿ ಬುಡು ಬೇಕಾಯ್ತದೆ ಅಂದಳು, ಈಗ ಚೀಲದ ಬಾಯಿಂದ ಅದರ ತುದಿ ಹೊರಗೆ ಇಣುಕುತ್ತಿದೆ, ಅವ್ವ ಎಲೆಗೆ ಸುಣ್ಣ ಸವರುತ್ತಿದ್ದಾಳೆ, ಸೀಳಿದ ಹೆಬ್ಬೆರಳ ಉಗುರಿನ ಸಂದಿಗೆ ಸುಣ್ಣ ಸೇರಿಕೊಂಡು ಬೆಳ್ಳಗೆ ಒಂದು ಗೆರೆ, ಅದು ಯಾವತ್ತೂ ಇರುವ ಗೆರೆ.

ದುರ್ಗಯ್ಯ, ಮುರಿದ ಮೂಳೆ ಕಟ್ಟುವ ಅದೇ ದುರ್ಗಯ್ಯ, ಹೆಸರು ಕೇಳಿದರೆ ಸಾಕು ವನಜಾಕ್ಷಿ ಮುಖ ತಿರುಗಿಸುತ್ತಾಳೆ, ಹದಿಮೂರು ವರ್ಷದವಳಿದ್ದಾಗ ಅಟ್ಟದ ಏಣಿಯಿಂದ ಬಿದ್ದ ತನ್ನ ಬಲಗೈಯನ್ನು ಕಟ್ಟಿದವನು ಅವನೇ, ಕಟ್ಟು ಬಿಚ್ಚುವ ಹೊತ್ತಿಗೆ ಕೈ ನೆಟ್ಟಗೆ ನಿಂತಿತ್ತು, ನೆಟ್ಟಗೇ ನಿಂತಿದೆ, ಈಗ ಎದುರು ಸೀಟಿನ ಕಂಬಿ ಹಿಡಿದುಕೊಂಡಿದೆ ನೋಡು, ಇನ್ನೊಂದು ಕಂಬಿಯ ಹಾಗೆ. ಭುಜ ತಿರುಗುತ್ತದೆ, ಮಣಿಕಟ್ಟು ಬಾಗುತ್ತದೆ, ಅಂಗೈ ಮೇಲಕ್ಕೂ ಕೆಳಕ್ಕೂ ಮಗುಚುತ್ತದೆ, ಬೆರಳುಗಳಂತೂ ಒಂದಕ್ಕಿಂತ ಒಂದು ಚುರುಕು, ನಡುವಿನ ಒಂದೇ ಒಂದು ಕೀಲು, ಮೊಣಕೈಯದು, ಸತ್ತಿದೆ, ಆ ಒಂದು ಸತ್ತದ್ದಕ್ಕೆ ಕೈಗೂ ಬಾಯಿಗೂ ನಂಟು ಕಡಿಯಿತು, ಕೈಗೂ ತಲೆಗೂ ಕಡಿಯಿತು, ಮೂಗಿನ ಮೇಲೆ ಸೊಳ್ಳೆ ಕೂತರೆ ಬಲಗೈ ದೂರದಿಂದ ನೋಡುತ್ತದೆ, ಅಷ್ಟೇ. ಬಿಂದಿಗೆ ಎತ್ತುತ್ತದೆ, ಕಸ ಗುಡಿಸುತ್ತದೆ, ಸಗಣಿ ಬಾಚುತ್ತದೆ, ಹಸುವಿಗೆ ಹುಲ್ಲು ನೀಡುತ್ತದೆ, ಊರಿಗೆಲ್ಲ ದುಡಿಯುತ್ತದೆ, ಒಂದು ತುತ್ತು ನನಗೆ ತಂದುಕೊಡಲಾರದು, ದೊಡ್ಡಪ್ಪನ ಮಗಳ ಮದುವೆಯ ಪಂಕ್ತಿಯಲ್ಲಿ ಎಡಗೈಯಲ್ಲಿ ಅನ್ನ ಕಲಸಿದಾಗ ಎದುರು ಕೂತ ಮುದುಕ ಯಾರ ಮನೆ ಹೆಣ್ಣೇ ಅದು, ಎಡಗೈಲಿ ಉಣ್ಣಾದು, ಅಂದ, ಸಾಲಿಗೆ ಸಾಲೇ ತಿರುಗಿ ನೋಡಿತು, ಆಮೇಲೆ ಯಾವ ಪಂಕ್ತಿಯಲ್ಲೂ ಕೂರಲಿಲ್ಲ, ಬಡಿಸಲು ನಿಂತಳು, ನೀಟಾಗಿ ಎಲೆಯವರೆಗೂ ಹೋಗುವ ಕೈ, ವನಜೀ ನಿನ್ ಕೈ ಬಡಿಸಕ್ಕೆ ಅಂತ್ಲೇ ದೇವ್ರು ಕೊಟ್ಟಿದ್ದು ಕಣೇ ಅಂತ ಚಿಕ್ಕಪ್ಪ ನಕ್ಕ, ಎಲ್ಲರೂ ನಕ್ಕರು, ಅವಳೂ ನಕ್ಕಳು, ಆ ನಕ್ಕದ್ದಕ್ಕೆ ಇವತ್ತಿಗೂ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ, ಎಡಗೈಯಲ್ಲೇ ಹೊಡೆದುಕೊಳ್ಳಬೇಕು, ಬಲಗೈ ಅಲ್ಲಿಯವರೆಗೂ ಬರುವುದಿಲ್ಲ. ಹೆಣ್ಣು ನೋಡಲು ತುರುವೇಕೆರೆ ಕಡೆಯಿಂದ ಬಂದಿದ್ದರು ಒಂದು ಸಲ, ಫೋಟೋ ನೋಡಿಯೇ ಒಪ್ಪಿ ಬಂದವರು, ಫೋಟೋದಲ್ಲಿ ಏನು ಗೊತ್ತಾಗುತ್ತದೆ, ಸೀರೆಯ ಪಕ್ಕದಲ್ಲಿ ಇಳಿಬಿಟ್ಟ ಕೈ ಎಷ್ಟು ಲಕ್ಷಣ, ಅವ್ವ ಹೆಮ್ಮೆಯಿಂದ ನಮ್ಮುಡ್ಗಿ ಕೈ ನೋಡಿ ಎಷ್ಟು ನೆಟ್ಟಗೈತೆ, ಬಿದ್ದು ಮುರ್ಕೊಂಡಿದ್ದು ಅಂದ್ರೆ ನಂಬ್ತೀರಾ ಅಂದಳು, ಯಾಕೆ ಹೇಳಿದೆಯವ್ವ ಅದನ್ನ, ಅವರಾಗಿ ಕೇಳಿರಲಿಲ್ಲ, ಗಂಡಿನ ತಾಯಿ ಒಬ್ಬಟ್ಟಿನ ತಟ್ಟೆಯನ್ನು ಮುಂದಿಟ್ಟು ನೀನೂ ತಿನ್ನವ್ವ ನಮ್ ಜೊತೆ ಅಂದಳು, ತಿನ್ನಲಿಲ್ಲ, ಹಸಿವಿಲ್ಲ ಅಂದಳು, ಹೋದವರು ಹೋದರು.

ಆದರೆ ನನಗೇನು ಗೊತ್ತು, ನಾನೇನು ಡಾಕ್ಟರೇ, ಸಂಜೆ ಶಾಲೆಯಲ್ಲಿ ಓದಿ ಎರಡನೇ ಸಲಕ್ಕೆ ಎಸ್ಸೆಸ್ಸೆಲ್ಸಿ ಪಾಸಾದವಳು, ವಿಜ್ಞಾನದಲ್ಲಿ ಬಂದದ್ದು ಗಡಿ ದಾಟುವಷ್ಟೇ ಅಂಕ, ತಪ್ಪು ನೆನಪಿಟ್ಟುಕೊಂಡಿದ್ದರೆ, ವೆಂಕಟಯ್ಯ ಮೇಷ್ಟ್ರು ಹೇಳಿದ್ದು ಒಂದು, ನಾನು ತಿಳಿದದ್ದು ಇನ್ನೊಂದು ಆಗಿದ್ದರೆ, ಈ ಮಗುವಿನ ಕೈಗೆ ಯಾರು ಗತಿ — ಮೇಷ್ಟ್ರು ಬೋರ್ಡಿನ ಮೇಲೆ ಮೂಳೆ ಬರೆದಿದ್ದರು, ತೋಳಿನಲ್ಲಿ ಒಂದು, ಮುಂಗೈಯಲ್ಲಿ ಎರಡು, ಮೂಳೆ ಬಗ್ಗುವುದಿಲ್ಲ, ಬಗ್ಗಿದರೆ ಮುರಿಯುತ್ತದೆ, ಬಗ್ಗುವುದೇನಿದ್ದರೂ ಎರಡು ಮೂಳೆ ಕೂಡುವ ಕಡೆ, ಅದೇ ಕೀಲು ಅಂದರು, ಭುಜದ್ದು ಹೇಗೆಂದರೆ ನಮ್ಮ ಒಣಗಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡ್ತೀರಲ್ಲ, ಚಿಪ್ಪು ಬಿಟ್ಟ ಕೊಬ್ಬರಿ ಗಿಟುಕು ಒಳಗೇ ಲೊಡಲೊಡ ಅನ್ನಲ್ವಾ, ಹಾಗೆ ಗುಣಿಯೊಳಗೆ ಗುಂಡು ಎಲ್ಲ ಕಡೆಗೂ ತಿರುಗುತ್ತೆ, ಮೊಣಕೈ ಹಾಗಲ್ಲ, ಅದು ಬಾಗಿಲ ಬಿಜಾಗರಿ, ಒಂದೇ ಕಡೆಗೆ ತೆರೆಯುತ್ತೆ ಒಂದೇ ಕಡೆಗೆ ಮುಚ್ಚುತ್ತೆ, ಮೂಳೆಯ ತುದಿಗೆ ನುಣುಪಾದ ಪದರ, ನಡುವೆ ಎಣ್ಣೆಯ ಹಾಗೆ ಜಾರುವ ರಸ, ಕೀಲು ಆಡುತ್ತಿದ್ದರೆ ಎಲ್ಲ ಸರಿ, ಬಹಳ ಕಾಲ ಆಡಿಸದೆ ಇಟ್ಟರೆ ಅಂಟಿಕೊಂಡು ಬಿಡುತ್ತೆ, ಹಸಿಗಾಯಿಯ ಕೊಬ್ಬರಿ ಚಿಪ್ಪಿಗೆ ಅಂಟಿಕೊಂಡ ಹಾಗೆ. ಎಲ್ಲಿ ಎಲ್ರೂ ಒಂದ್ಸಲ ಕೈ ಮಡಚಿ ನೋಡೋಣ ಅಂದರು. ಸಂಜೆ ಶಾಲೆ, ಟ್ಯೂಬ್‌ಲೈಟಿನ ಕೆಳಗೆ ಬೀಡಿ ಕಟ್ಟುವವರು, ಗಾರೆ ಕೆಲಸದವರು, ಮದುವೆಯಾಗಿ ಮಕ್ಕಳಾದವರು, ಎಲ್ಲರ ಕೈಯೂ ಒಟ್ಟಿಗೆ ಮಡಚಿತು, ಒಟ್ಟಿಗೆ ತೆರೆಯಿತು, ಬಳೆಗಳು ಒಟ್ಟಿಗೆ ಸದ್ದು ಮಾಡಿದವು, ವನಜಾಕ್ಷಿ ಕಿಟಕಿಯ ಕಡೆ ತಿರುಗಿದಳು, ಮೇಷ್ಟ್ರು ನೋಡಿದರು, ನೋಡಬಾರದಿತ್ತು ಅನ್ನುವ ಮುಖ ಮಾಡಿ ಬೋರ್ಡು ಒರೆಸಿದರು. ಮಾರನೆಯ ದಿನ ಹೋಗಿ ಕೇಳಬೇಕೆಂದಿದ್ದಳು, ಮುರಿದ ಮೊಣಕೈಯನ್ನು ಮಡಚಿ ಕಟ್ಟಬೇಕೋ ನೆಟ್ಟಗೆ ಕಟ್ಟಬೇಕೋ ಸಾರ್, ಅಂತ ಮನಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡೂ ಹೋಗಿದ್ದಳು, ಸಿಲಬಸ್ಸಿನಲ್ಲಿ ಇಲ್ಲದ್ದನ್ನು ಕೇಳಿದರೆ ಅಧಿಕಪ್ರಸಂಗ ಆದೀತೆಂದು ಸುಮ್ಮನೆ ಬಂದಳು, ಹಾಗೆ ಸುಮ್ಮನೆ ಬಂದ ಸಂಜೆಗಳೇ ಎಷ್ಟೋ.

ಏನಜ್ಜೀ ಮಗೂಗೆ, ಮರ ಹತ್ತಿತ್ತಾ, ಕಂಡಕ್ಟರು ಟಿಕೆಟಿನ ಕಟ್ಟು ಹಿಡಿದು ಬಂದ, ಇಲ್ಲ ಕಣಪ್ಪ ಕಾಯಿ ರಾಶಿ ಹತ್ತಿ ಬಿತ್ತು, ಗುಡ್ಡದಪಾಳ್ಯ ಎರಡು ಕೊಡು, ಓ ದುರ್ಗಯ್ಯನತ್ರಾನಾ, ಒಳ್ಳೇದು ಬುಡಿ, ನಮ್ ಡ್ರೈವರಣ್ಣನ ಕಾಲು ಅಂವನೇ ಕಟ್ಟಿದ್ದು, ಈಗ ಆಕ್ಸಿಲೇಟ್ರು ಚೆನ್ನಾಗ್ ತುಳೀತಾನೆ, ಬ್ರೇಕಿಗ್ ಮಾತ್ರ ಕಾಲು ಏಳಲ್ಲ, ಹಿಂದಿನ ಸೀಟಿನವರು ನಕ್ಕರು, ಡ್ರೈವರು ಮುಂದಿನಿಂದಲೇ ಲೇ ಇಳಿಸ್ಬುಡ್ತೀನಿ ಕಣ್ಲಾ ನಿನ್ನ ಅಂದ, ಮಗು ಮಾತ್ರ ನಗಲಿಲ್ಲ, ಕಂಬಿ ಹಿಡಿದ ವನಜಾಕ್ಷಿಯ ಕೈಯನ್ನೇ ನೋಡುತ್ತಿತ್ತು, ಆ ಕೈ ಅದಕ್ಕೆ ಬಲು ಇಷ್ಟ, ನುಗ್ಗೆಕಾಯಿ ಕೀಳೋ ಕೋಲು ಅಂತ ಕರೆಯುತ್ತದೆ, ಜೋತು ಬೀಳುತ್ತದೆ, ಇವತ್ತು ಬೇರೆ ಥರ ನೋಡಿತು, ಅತ್ತೇ, ನನ್ ಕೈನೂ ನಿನ್ ಕೈ ಥರ ಆಗೋಯ್ತದಾ. ಅವ್ವ ಎಲೆ ಮಡಚಿ ಬಾಯಿಗಿಟ್ಟುಕೊಂಡು, ಆದ್ರೆ ಆಗ್ಲಿ ಬುಡು ಮಗ, ನಿಮ್ಮತ್ತೆ ಕೈಗೇನಾಗೈತೆ, ದೀಪದ ಕಂಬ ಇದ್ದಂಗೈತೆ, ಅಂದಳು. ಅವ್ವ, ದುರ್ಗಯ್ಯ ಬೇಡ, ತಿಪಟೂರಿಗೆ ಹೋಗಾಣ, ಆಸ್ಪತ್ರೆಗೆ, ಅಂದಳು ವನಜಾಕ್ಷಿ. ಯಾಕೆ, ಆಸ್ಪತ್ರೇಲಿ ಸಿಮೆಂಟ್ ಮೆತ್ತುಸ್ಕೊಂಡು ಬರಕಾ, ಕೂಸಿನ ಕೈ ಕೊಳೆಸ್ತಾರೆ, ನೀನೊಂದು ಸುಮ್ನಿರು. ನನ್ ಕೈ ಕೊಂದಿದ್ದು ಸಾಲ್ದಾ ಅಂವ. ಮೆಲ್ಲಗ್ ಮಾತಾಡೇ, ಜನ ನೋಡ್ತಾವ್ರೆ, ಪಾಪ ಅಂವ ಏನ್ ಮಾಡ್ದ, ಅವನು ಕಟ್ಟಿದ್ದು ನೋಡಿದ್ಯಾ ನೀನು, ಜ್ವರ ಬಂದು ಗ್ಯಾನ ಇಲ್ದಂಗ್ ಬಿದ್ದಿದ್ದೆ, ಮಡಿಸಿ ಕಟ್ಟಿ ಕಳ್ಸಿದ್ದ ಕಣೇ, ಕೊಕ್ಕರೆ ಕತ್ತು ಇದ್ದಂಗೆ, ಹಂಗೇ ಬುಟ್ಟಿದ್ರೆ ಹಂಗೇ ಕೂತ್ಕತಿತ್ತು, ನಾನೇ ಅಲ್ವಾ ಬಿಚ್ಚಿ, ಹೆಡೆಮಟ್ಟೆ ಕೊಟ್ಟು, ನೆಟ್ಟಗ್ ಎಳ್ದು ಕಟ್ಟಿದ್ದು, ಇಲ್ದಿದ್ರೆ ನಮ್ಮ ಗಂಗಕ್ಕನಂಗೆ ಕೊಕ್ಕೆಗೈ ಆಗಿ ಕೂರ್ತಿದ್ದೆ, ಈ ಕೂಸಿಗೂ ಹಂಗೇ ಮಾಡಾದು, ಅಂವ ಕಟ್ಲಿ ಅವನ ಪಾಡಿಗೆ, ಮನೇಗ್ ಹೋಗಿ ನಾವು ಸರಿ ಮಾಡ್ಕಂಡ್ರಾಯ್ತು. ಹೇಳಿ ಚೀಲದಿಂದ ಇಣುಕುತ್ತಿದ್ದ ಹೆಡೆಮಟ್ಟೆಯನ್ನು ಒಳಕ್ಕೆ ತಳ್ಳಿದಳು, ಬುತ್ತಿ ಗಂಟು ಸರಿಮಾಡಿದ ಹಾಗೆ, ಕಿಟಕಿಯಿಂದಾಚೆ ಉಗುಳಿ ಬಾಯಿ ಒರೆಸಿಕೊಂಡಳು, ಮುಖದಲ್ಲಿ ಹೆಮ್ಮೆಯಿತ್ತು, ಹದಿನೈದು ವರ್ಷ ಯಾರೂ ಕೇಳದೆ ಹೇಳದೆ ಉಳಿದ ಹೆಮ್ಮೆ.

ನೀನಾ. ನೀನು. ದುರ್ಗಯ್ಯನಲ್ಲ, ನೀನು — ಬಸ್ಸಿನ ಸದ್ದು ಎಲ್ಲಿಗೋ ಹೋಯಿತು, ತೆಂಗಿನ ತೋಟಗಳು ಒಂದರ ಹಿಂದೆ ಒಂದು ಹಿಂದಕ್ಕೆ ಸರಿಯುತ್ತಿದ್ದವು, ಹದಿನೈದು ವರ್ಷ ಆ ಮನುಷ್ಯನನ್ನು ಬೈದಿದ್ದಾಳೆ, ಸಂತೆಯಲ್ಲಿ ಎದುರು ಸಿಕ್ಕಾಗ ನೆಲಕ್ಕೆ ಉಗಿದಿದ್ದಾಳೆ, ಅವನು ಯಾಕವ್ವ ಅಂತ ಕೇಳಿದ್ದ, ಅವನಿಗೆ ಏನೂ ಗೊತ್ತಿಲ್ಲ, ಕಟ್ಟು ಬಿಚ್ಚಿಸಲೂ ಅವನ ಹತ್ತಿರ ಹೋಗಲಿಲ್ಲ, ಮನೆಯಲ್ಲೇ ಬಿಚ್ಚಿದ್ದು, ಯಾಕೆಂದು ಈಗ ತಿಳಿಯುತ್ತಿದೆ, ಆದರೆ ಇಲ್ಲ, ಬೈಸಿಕೊಳ್ಳುವಷ್ಟು ತಪ್ಪು ಅವನದೂ ಇತ್ತು, ಕಟ್ಟಿ ಕಳಿಸಿದವನು ಒಂದು ಸಲವಾದರೂ ಬಂದು ನೋಡಬಾರದಿತ್ತೇ, ಥೂ, ಅವನ ಮಾತು ಯಾಕೆ, ಮಾಡಿದವಳು ಪಕ್ಕದಲ್ಲೇ ಕೂತಿದ್ದಾಳಲ್ಲ. ಜ್ವರ ಇತ್ತು, ನೆನಪಿದೆ, ಮಧ್ಯಾಹ್ನ, ಹಂಚಿನ ಸಂದಿಯಿಂದ ಬಿಸಿಲಿನ ಕೋಲು ನೆಲಕ್ಕೆ ಬಿದ್ದಿತ್ತು, ಕೈ ಒಳಗೊಳಗೇ ಮಿಡಿಯುತ್ತಿತ್ತು, ಬೆರಳುಗಳು ಬಂದವು, ಬಟ್ಟೆಯ ಗಂಟನ್ನು ಮೆಲ್ಲಗೆ, ಬಲು ಮೆಲ್ಲಗೆ, ಉಗುರಿನಿಂದ ಮೀಟಿ ಮೀಟಿ ಸಡಿಲಿಸಿದವು, ಉಗುರಿನಲ್ಲಿ ಬೆಳ್ಳಗೆ ಒಂದು ಗೆರೆ, ಕಟ್ಟು ಬಿಚ್ಚಿಕೊಂಡಾಗ ಗಾಳಿ ತಾಗಿ ಹಾಯೆನ್ನಿಸಿತ್ತು, ಕಣ್ಣು ಬಿಡದೆಯೇ ಅವ್ವ ಅಂದಿದ್ದಳು, ಮಲಿಕ್ಕ ಮಗಾ ಅಂದಿತು ದನಿ, ಆಮೇಲೆ ನೋವು, ಆಮೇಲೆ ಏನೂ ಇಲ್ಲ, ಅದನ್ನು ಇಷ್ಟು ದಿನ ಕನಸು ಎಂದುಕೊಂಡಿದ್ದಳು, ಒಳ್ಳೆಯ ಕನಸು, ಅವ್ವ ನೋವು ಇಳಿಸಿದ ಕನಸು, ಬೇಸರವಾದಾಗ ನೆನೆಸಿಕೊಳ್ಳುತ್ತಿದ್ದ ಕನಸು, ಅಲ್ಲಿ ಗಂಟನ್ನು ಮೀಟುತ್ತಿದ್ದದ್ದು ಅವ್ವನ ಈ ಬೆರಳೇ. ಗಂಗಕ್ಕನಂತೆ, ಅವ್ವನ ಅಕ್ಕ ಗಂಗಕ್ಕ, ಕೈ ಮಡಚಿದ ಹಾಗೇ ಗಟ್ಟಿಯಾಗಿ ಹೋದವಳು, ಊರೆಲ್ಲ ಕೊಕ್ಕೆ ಗಂಗಕ್ಕ, ಮದುವೆಯಿಲ್ಲದೆ ತವರಲ್ಲೇ ಹಣ್ಣಾದಳು, ಅವ್ವ ಚಿಕ್ಕಂದಿನಿಂದ ಅದನ್ನೇ ನೋಡಿ ಹೆದರಿದ್ದಳು, ಹೆದರಲಿ, ಆದರೆ ಕಣ್ಣಿಟ್ಟು ನೋಡಿರಲಿಲ್ಲವೇ, ಗಂಗಕ್ಕನ ಕೊಕ್ಕೆಗೈ ಬಾಯಿಗೆ ಮುಟ್ಟುತ್ತಿತ್ತು, ತಲೆ ಬಾಚುತ್ತಿತ್ತು, ಕಂಕುಳಲ್ಲಿ ಮಗುವನ್ನು ಹಿಡಿಯುತ್ತಿತ್ತು, ನನ್ನನ್ನೇ ಹಿಡಿದಿತ್ತು, ಆ ಕೊಕ್ಕೆಯಿಂದಲೇ ನನಗೆ ರಾಗಿಮುದ್ದೆಯ ತುತ್ತು ನುಂಗಿಸಿದ್ದಳು ಗಂಗಕ್ಕ, ನಾನು ಯಾರಿಗೆ ನುಂಗಿಸಲಿ. ಸೊಟ್ಟ ಇರಬಾರದು, ನೆಟ್ಟಗಿರಬೇಕು, ನೋಡುವವರಿಗೆ ನೆಟ್ಟಗೆ ಕಾಣಬೇಕು, ಇಟ್ಟುಕೊಂಡವಳು ಉಂಡಳೋ ಬಿಟ್ಟಳೋ ಯಾರಿಗೆ ಬೇಕು, ಬಡಿದುಬಿಡಬೇಕು ಅನ್ನಿಸಿತು, ತಾಯಿಯನ್ನು, ಬಸ್ಸಿನಲ್ಲಿ, ಎಲ್ಲರ ಎದುರಿಗೆ, ಈ ಕಂಬದಂಥ ಕೈಯಿಂದಲೇ.

ಯಾರ್ರೀ ಗುಡ್ಡದಪಾಳ್ಯ, ಬೇಗ ಬೇಗ, ಕಂಡಕ್ಟರು ಸೀಟಿ ಊದಿದ, ಬಸ್ಸು ಅರಳಿಮರದ ಕೆಳಗೆ ನಿಂತಿತು, ಬಾಗಿಲು ಕಿರ್ರೆಂದಿತು, ಅವ್ವ ಚೀಲವನ್ನು ಹೆಗಲಿಗೆ ಹಾಕಿ ಮಗುವನ್ನು ಎತ್ತಿಕೊಂಡು ಎದ್ದಳು, ಏಳೇ ವನಜೀ. ವನಜಾಕ್ಷಿ ಏಳಲಿಲ್ಲ. ಏಳಬಾರದು ಎಂದು ತೀರ್ಮಾನ ಮಾಡಿದ್ದಲ್ಲ, ಎದ್ದರೆ ಮುಂದೇನಾಗುತ್ತದೆಂದು ಕಾಣಿಸಿತು ಅಷ್ಟೇ, ದುರ್ಗಯ್ಯ ಮಡಚಿ ಕಟ್ಟುತ್ತಾನೆ, ಮನೆಗೆ ಹೋಗುತ್ತೇವೆ, ನಾಳೆ ಸುಲಿಯುವವರು ಬರುತ್ತಾರೆ, ಇಡೀ ದಿನ ನಾನು ಅಂಗಳದಲ್ಲಿ ಕಾಯಿಯ ಜೊತೆ, ಒಳಗೆ ಮಗು ಮಲಗಿರುತ್ತದೆ, ಹಂಚಿನ ಸಂದಿಯಿಂದ ಬಿಸಿಲು ಬೀಳುತ್ತದೆ, ಬೆರಳುಗಳು ಬರುತ್ತವೆ, ಮೆಲ್ಲಗೆ, ಬಲು ಮೆಲ್ಲಗೆ, ಮಗುವಿಗೂ ಹಾಯೆನ್ನಿಸುತ್ತದೆ. ಬಲಗೈ ಎದುರು ಸೀಟಿನ ಕಂಬಿಯ ಮೇಲಿತ್ತು, ಅವ್ವನಿಗೂ ದಾರಿಗೂ ನಡುವೆ ಅಡ್ಡಲಾಗಿ, ತೋಟದ ಗೇಟಿಗೆ ಹಾಕಿದ ಅಗುಳಿಯ ಹಾಗೆ, ಬೆರಳುಗಳು ಬಿಗಿಯಾದವು, ಏ ತೆಗಿಯೇ ಕೈಯ, ಅವ್ವ ಮೊಣಕಾಲಿನಲ್ಲಿ ತಳ್ಳಿದಳು, ಸೊಂಟದಲ್ಲಿ ನೂಕಿದಳು, ಬೇರೆ ಯಾರ ಕೈಯಾದರೂ ಅಲ್ಲಿ ಮಡಚಿಕೊಳ್ಳುತ್ತಿತ್ತು, ಮೊಣಕೈ ಇರುವುದೇ ಅದಕ್ಕೆ, ಒತ್ತಿದರೆ ದಾರಿ ಬಿಡುವುದಕ್ಕೆ, ಇದು ಬಿಡಲಿಲ್ಲ. ತೆಗಿ ಅಂದೆ. ಮಡ್ಚಕ್ ಬರಲ್ವಲ್ಲವ್ವ, ಅಂದಳು ವನಜಾಕ್ಷಿ, ದನಿ ಜೋರಾಗಿರಲಿಲ್ಲ, ಆದರೂ ಹಿಂದಿನ ಸೀಟುಗಳವರೆಗೂ ಕೇಳಿಸಿತು, ಯಾರೂ ನಗಲಿಲ್ಲ, ನೀನೇ ಕಟ್ಟಿದ್ದಲ್ವಾ, ಮಡ್ಚಕ್ ಬರಲ್ಲ. ಅವ್ವ ಒಂದು ಕೈಯಲ್ಲಿ ಮಗು ಹಿಡಿದು ಇನ್ನೊಂದರಿಂದ ಮೊಣಕೈಯ ಮೇಲೆ ಹೊಡೆದಳು, ಒಂದು ಸಲ, ಇನ್ನೊಂದು ಸಲ, ಮರಕ್ಕೆ ಹೊಡೆದ ಹಾಗೆ, ಎರಡನೆಯದು ಬಿದ್ದಾಗ ಅವ್ವನ ಮುಖ ಒಂದು ಥರ ಆಯಿತು, ಹೊಡೆದದ್ದು ಯಾರಿಗೆ ನೋವಾಯಿತೋ, ಏನಜ್ಜೀ ಇಳೀತೀರೋ ಇಲ್ವೋ, ಟೈಮಾಯ್ತು, ಕಂಡಕ್ಟರು ಕೂಗಿದ, ಇಳಿಯಲ್ಲ, ತಿಪಟೂರು ಟಿಕೆಟ್ ಕೊಡಿ ಅಂದಳು ವನಜಾಕ್ಷಿ, ಎಡಗೈಯಲ್ಲಿ ದುಡ್ಡು ಚಾಚಿ, ಎಡಗೈಲಿ ಕೊಡ್ತಾ ಇದೀನಿ ತಪ್ಪು ತಿಳ್ಕೋಬೇಡಿ, ಅದನ್ನೂ ಹೇಳಿದಳು, ಅಭ್ಯಾಸ, ಅಂಥ ಹೊತ್ತಿನಲ್ಲೂ ಬಾಯಿಗೆ ಅದೇ ಬಂತು. ರೈಟ್ ರೈಟ್. ಅವ್ವ ಧಡಕ್ಕನೆ ಕುಳಿತಳು, ಕೈ ಅಲುಗಿ ಮಗು ಚೀರಿತು, ನಿಮ್ಮಣ್ಣ ಬರ್ಲಿ, ನಿನ್ನ ಮನೇಲ್ ಇಟ್ಕಂಡಿರಾದೇ ಹೆಚ್ಚು, ಕೂಸಿನ ಕೈಗೆ ಏನಾರ ಆದ್ರೆ ನಿನ್ನ ಬಾವಿಗ್ ತಳ್ತಾನೆ, ಎಲ್ಲ ಓದ್ಬುಟ್ಟವ್ಳೆ, ಸಂಜೆ ಇಸ್ಕೂಲಲ್ಲಿ. ಹೌದು, ತಳ್ಳುತ್ತಾನೆ, ತಳ್ಳದಿದ್ದರೂ ಹೊರಗೆ ಹಾಕುತ್ತಾನೆ, ಅದು ಗೊತ್ತಿತ್ತು, ನಾನು ತಿಳಿದದ್ದು ತಪ್ಪಿರಬಹುದು, ಆಸ್ಪತ್ರೆಯವರೂ ನೆಟ್ಟಗೇ ಕಟ್ಟಬಹುದು, ಆಗ ಏನು ಮಾಡುತ್ತೀಯ ವನಜಾಕ್ಷಿ, ಯಾರ ಮೇಲೆ ಸಿಟ್ಟು ಮಾಡುತ್ತೀಯ, ಕೈಯನ್ನು ಮಾತ್ರ ಕಂಬಿಯಿಂದ ತೆಗೆಯಲಿಲ್ಲ, ಗುಡ್ಡದಪಾಳ್ಯ ಹಿಂದೆ ಬಿದ್ದು, ತೋಟಗಳೂ ಹಿಂದೆ ಬಿದ್ದು, ತಿಪಟೂರಿನ ಕೊಬ್ಬರಿ ಮಂಡಿಗಳ ಸಾಲು ಬರುವವರೆಗೂ ತೆಗೆಯಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನವರು, ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಮೊಣಕೈಯ ಸ್ವಲ್ಪ ಮೇಲೆ ಬಿರುಕು, ಜಾಸ್ತಿ ಜರುಗಿಲ್ಲ, ಮಡಚಿ ಪ್ಲಾಸ್ಟರ್ ಹಾಕ್ತೀವಿ ಅಂದರು, ಮಡಚಿ ಅಂದ ಮಾತು ಕಿವಿಗೆ ಬಿದ್ದಾಗ ವನಜಾಕ್ಷಿ ಗೋಡೆ ಹಿಡಿದುಕೊಂಡಳು, ಸರಿಯಾಗಿಯೇ ತಿಳಿದಿದ್ದೆ, ಮೇಷ್ಟ್ರೇ, ನಿಮ್ಮನ್ನು ಕೇಳದೆಯೂ ಸರಿಯಾಗಿಯೇ ತಿಳಿದಿದ್ದೆ, ಸಂತೋಷವಾಗಬೇಕಿತ್ತು, ಆಗಲಿಲ್ಲ, ಇದು ಸರಿ ಎಂದಾದರೆ ನನ್ನದು ತಪ್ಪೆಂದಾಯಿತಲ್ಲ, ಎಷ್ಟು ಸುಲಭದ ತಪ್ಪು, ಒಂದು ಗಂಟು, ಒಂದು ಹೆಡೆಮಟ್ಟೆ, ಒಂದು ಮಧ್ಯಾಹ್ನ. ಸಿಮೆಂಟಾ ಸ್ವಾಮಿ, ಅಮ್ಮಸಂದ್ರದ ಫ್ಯಾಕ್ಟ್ರೀದಾ, ಅವ್ವ ಕೇಳಿದಳು, ಕುಹಕವೋ ಭಯವೋ, ನರ್ಸಮ್ಮ ನಕ್ಕು, ಅಲ್ಲಜ್ಜೀ ಇದು ಬೇರೆ, ಆದ್ರೆ ಅದಕ್ಕಿಂತ್ಲೂ ಗಟ್ಟಿ, ನೀವು ಬಿಚ್ತೀನಿ ಅಂದ್ರೂ ಬಿಚ್ಚಕ್ಕಾಗಲ್ಲ, ಇಲ್ಲಿಗೇ ಬಂದು ಕತ್ತರಿಸ್ಕೋಬೇಕು, ಅಂದಳು, ಅವಳಿಗೇನು ಗೊತ್ತು ತಾನು ಏನು ಹೇಳಿದೆನೆಂದು. ಬಿಳಿಯ ಪಟ್ಟಿ ನೀರಿನಲ್ಲಿ ಅದ್ದಿ ಸುತ್ತಿದರು, ಮಗು ಬಿಸಿ ಆಯ್ತದೆ ಅತ್ತೇ ಅಂದಿತು, ಕೈ ಎದೆಯ ಹತ್ತಿರ ಮಡಚಿಕೊಂಡು ಕೂತಿತು, ಕೊಕ್ಕರೆಯ ಕತ್ತೇ ಸರಿ, ಬೆರಳುಗಳು ಬಾಯಿಂದ ಗೇಣು ದೂರದಲ್ಲಿ. ಡಾಕ್ಟರು ವನಜಾಕ್ಷಿಯ ಕೈ ನೋಡಿದರು, ನಿಮ್ಮದೇನಾಗಿದೆ ಅಂದರು, ಏನಿಲ್ಲ ಸಾರ್ ಹಳೇದು ಅಂದಳು, ಅವರು ಸುಮ್ಮನೆ ತಲೆಯಾಡಿಸಿ, ಪ್ಲಾಸ್ಟರ್ ತೆಗೆದ ಮೇಲೆ ದಿನಾ ಆಡಿಸಬೇಕು ಮಗುವಿನ ಕೈ, ಅತ್ತರೂ ಬಿಡಬಾರದು, ನಿಧಾನಕ್ಕೆ, ಬಿಟ್ಟರೆ ಅಂಟಿಕೊಳ್ಳುತ್ತೆ ಎಂದು ಹೇಳಿ ಮುಂದಿನವರನ್ನು ಕರೆದರು. ಆಡಿಸುವವರು ಯಾರು, ಅಷ್ಟು ಹೊತ್ತಿಗೆ ಆ ಮನೆಯಲ್ಲಿ ನಾನಿರುತ್ತೇನೋ ಇಲ್ಲವೋ, ಇದ್ದರೂ ಮಡಚಲು ಬಾರದ ಕೈ ಇನ್ನೊಂದು ಕೈಗೆ ಮಡಚುವುದನ್ನು ಹೇಗೆ ಕಲಿಸುತ್ತದೆ.

ಬಸ್ಸಿಗೆ ಹೊತ್ತಿದೆ ಎಂದು ಹೊರಗಿನ ಕಲ್ಲುಬೆಂಚಿನ ಮೇಲೆ ಕೂತರು, ಮಗು ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಯಿತು, ಅವ್ವ ಎಲೆ ಹಾಕಲಿಲ್ಲ, ಚೀಲ ಕಾಲ ಬಳಿ ವಾಲಿ ಹೆಡೆಮಟ್ಟೆ ಅರ್ಧ ಹೊರಕ್ಕೆ ಬಿದ್ದಿತ್ತು, ಅವಳು ಅದನ್ನು ಒಳಕ್ಕೆ ತಳ್ಳಲಿಲ್ಲ, ಕೇಳಬೇಕು, ಈಗಲೇ ಕೇಳಬೇಕು, ಅವ್ವ ನಿನಗೆ ಗೊತ್ತಾಗಿತ್ತಾ, ಮೊದಲ ಸಲ ನಾನು ತಟ್ಟೆಯ ಮುಂದೆ ಕೂತು ಬಲಗೈ ಎತ್ತಿ, ಅದು ಬಾಯಿಗೆ ಬಾರದೆ ಅರ್ಧದಲ್ಲಿ ನಿಂತಾಗ, ನೀನು ಎದ್ದು ಒಳಗೆ ಹೋದೆಯಲ್ಲ, ಆಗ ಗೊತ್ತಾಯಿತಾ, ಗೊತ್ತಾಗಿಯೂ ಇಷ್ಟು ವರ್ಷ ಕಂಬದಂಗೈತೆ ಅಂದೆಯಾ, ಇಲ್ಲ ನಿಜವಾಗಿಯೂ ಚೆನ್ನಾಗಿದೆ ಎಂದೇ ತಿಳಿದಿದ್ದೆಯಾ, ಯಾವುದಾದರೆ ನಿನ್ನನ್ನು ಕ್ಷಮಿಸಬಹುದು, ಯಾವುದಾದರೂ ಆಗುವುದಿಲ್ಲ — ಅಂದುಕೊಳ್ಳುತ್ತಲೇ ಕಣ್ಣು ಅಲ್ಲಿಗೆ ಹೋಯಿತು, ಹೋಗಿ ಅಲ್ಲೇ ನಿಂತಿತು, ಅವ್ವನ ಬೆರಳು ಮಗುವಿನ ಬಿಳಿಯ ಕಟ್ಟಿನ ಮೇಲೆ ಓಡಾಡುತ್ತಿತ್ತು, ಮೆಲ್ಲಗೆ, ಬಲು ಮೆಲ್ಲಗೆ, ಸುಣ್ಣದ ಗೆರೆಯ ಉಗುರು ಅಂಚಿನುದ್ದಕ್ಕೂ ಹೋಗುತ್ತದೆ, ಸುತ್ತಿ ಬರುತ್ತದೆ, ಒಂದು ಕಡೆ ನಿಲ್ಲುತ್ತದೆ, ಗಂಟು ಇಲ್ಲ, ಮತ್ತೆ ಹೋಗುತ್ತದೆ, ಸುತ್ತಿ ಬರುತ್ತದೆ, ಗಂಟು ಎಲ್ಲೂ ಇಲ್ಲ. ಆ ಬೆರಳು ಹುಡುಕುತ್ತಿತ್ತೋ, ಸವರುತ್ತಿತ್ತೋ, ವನಜಾಕ್ಷಿಗೆ ತಿಳಿಯಲಿಲ್ಲ. ಆಮೇಲೂ ತಿಳಿಯಲಿಲ್ಲ.